ಹೊಳೆಯುವ ಆಲೂಗಡ್ಡೆ

ಸಂಶೋಧನಾಲಯದ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಆಲೂ ಅಕ್ಕ ಎನ್ನುತ್ತಾರೆ. ಸುಲಿದ ಆಲೂಗಡ್ಡೆ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ನೀರಿನ ಸಮೇತ ಬರುತ್ತಿತ್ತು. ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಕೂತು ಚೀಲದ ಬಾಯಿ ಬಿಚ್ಚಿ, ತೊಳೆದು, ಹೆಚ್ಚಿ ಕೊಡುವುದು ಅವಳ ಕೆಲಸ. ಬಿಚ್ಚಿದೊಡನೆ ಬೆಂಕಿಕಡ್ಡಿ ಗೀರಿದಂಥ ಘಾಟು ಮೂಗಿಗೆ ಹೊಡೆಯುತ್ತಿತ್ತು. ಹಿಂದೆಯೇ ಕೆಮ್ಮು.

ಆ ಕೆಮ್ಮಿಗಾಗಿ ಅವಳು ಈರುಳ್ಳಿಯನ್ನು ಬೈದಳು, ಒಲೆಯನ್ನು ಬೈದಳು, ಪಕ್ಕದ ಮನೆಯ ಬೆಕ್ಕನ್ನೂ ಬಿಡಲಿಲ್ಲ. ಮಲಗಿದರೆ ಎದೆ ಸೀಟಿ ಹೊಡೆಯುತ್ತಿತ್ತು. ಮಗಳು ಅಮ್ಮನಿಗೆ ಕುಕ್ಕರ್ ಎಂದು ಹೆಸರಿಟ್ಟಿದ್ದಳು.

ಕ್ಯಾಂಟೀನಿನ ಗುತ್ತಿಗೆದಾರನಿಗೆ ಇದರಲ್ಲಿ ತಮಾಷೆ ಕಾಣಲಿಲ್ಲ. "ಊಟದ ಮೇಲೆ ಕೆಮ್ಮೋರನ್ನ ಇಟ್ಕೊಂಡ್ರೆ ನಾನು ಬಾಗಿಲು ಹಾಕ್ಕೋಬೇಕಾಗುತ್ತೆ. ಕೆಮ್ಮು ಬಿಡು, ಇಲ್ಲ ಕೆಲಸ ಬಿಡು. ಈ ತಿಂಗಳು ನೋಡ್ತೀನಿ" ಎಂದ. ಕೆಮ್ಮು ಅವಳು ಶೋಕಿಗೆ ಸಾಕಿಕೊಂಡದ್ದು ಎಂಬಂತೆ.

ಅದೇ ಕಟ್ಟಡದ ಮಹಡಿಯಲ್ಲಿ ಒಬ್ಬ ಪ್ರೊಫೆಸರು ಮತ್ತು ಅವರ ಶಿಷ್ಯೆ ಒಂದು ದ್ರಾವಣ ಮಾಡಿದ್ದರು. ಅದಕ್ಕೆ ಸಲ್ಫೈಟ್ ಎಂಬ ರಾಸಾಯನಿಕ ಸಿಕ್ಕರೆ ಸಾಕು, ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಪ್ರಬಂಧ ಅಚ್ಚಾಗಬೇಕಾದರೆ ಜನ ತಿನ್ನುವ ಪದಾರ್ಥದಲ್ಲೂ ಅದು ಹೊಳೆದು ತೋರಿಸಬೇಕು. ಶಿಷ್ಯೆ ದ್ರಾವಣದ ಪುಟ್ಟ ಶೀಶೆ, ಆ ದೀಪ ಎರಡನ್ನೂ ಹಿಡಿದು ಕ್ಯಾಂಟೀನಿಗೆ ಇಳಿದಳು. ಸಕ್ಕರೆ ಮಂಕಾಗಿತ್ತು. ವಿನೆಗರ್ ಮಿಣುಕಿತು. ಆಲೂಗಡ್ಡೆಯ ನೀರು ಝಗ್ಗೆಂದಿತು.

"ಅಕ್ಕಾ, ನಿಮ್ಮ ಆಲೂಗಡ್ಡೆ ಸೂಪರ್!"

"ಇನ್ನೂ ಬೇಯ್ಸೇ ಇಲ್ವಲ್ಲಮ್ಮ."

"ಅಲ್ಲಕ್ಕ, ಹೊಳೀತು! ಸಲ್ಫೈಟ್ ಜಾಸ್ತಿ ಇದೆ. ಕಪ್ಪಾಗದೇ ಇರ್ಲಿ ಅಂತ ಹಾಕ್ತಾರೆ. ಸರ್‌ಗೂ ತೋರಿಸ್ಬೇಕು, ಇನ್ನೂ ಸ್ವಲ್ಪ ದಿನ ಇದೇ ಚೀಲ ತರಿಸಿ. ಬದಲಾಯಿಸ್ಬೇಡಿ."

"ಅದು ಒಳ್ಳೇದಾ?"

ಶಿಷ್ಯೆ ತನ್ನ ಪ್ರಬಂಧದ ಮೊದಲ ವಾಕ್ಯವನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. "ಕೆಲವರಿಗೆ ಉಸಿರು ಕಟ್ಟುತ್ತೆ, ಕೆಮ್ಮು ಬರುತ್ತೆ, ಎದೆ ಸೀಟಿ ಹೊಡೆಯುತ್ತೆ."

ಆಲೂ ಅಕ್ಕ ಕೆಮ್ಮಿದಳು. ಶಿಷ್ಯೆ ಶೀಶೆಗೆ ಮುಚ್ಚಳ ಹಾಕಿ, ಥ್ಯಾಂಕ್ಸ್ ಹೇಳಿ, ಮೆಟ್ಟಿಲು ಹತ್ತಿದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಒಂದು ಹನಿಯಲ್ಲಿ ಅಡಗಿದ ಸಲ್ಫೈಟನ್ನು ಹಿಡಿಯಬಲ್ಲವರಿಗೆ ಎದುರಿಗೆ ಕೆಮ್ಮುತ್ತಿದ್ದ ಹೆಂಗಸು ಕಾಣಲಿಲ್ಲ. ಅವಳು ಹೊಳೆಯುತ್ತಿರಲಿಲ್ಲವಲ್ಲ.

ಮರುದಿನ ಅವಳು ಗುತ್ತಿಗೆದಾರನಿಗೆ ಹೇಳಿದಳು: "ಅಣ್ಣಾ, ಸಿಪ್ಪೆ ಇರೋದೇ ತರ್ಸಿ."

"ಮೂಟೆಗಟ್ಲೆ ಯಾರು ಸುಲೀತಾರೆ, ನಿಮ್ಮಪ್ಪನಾ?"

"ಅಪ್ಪ ತೀರ್ಕೊಂಡಿದ್ದಾರೆ. ನಾನೇ ಸುಲೀತೀನಿ. ಕೆಮ್ಮು ಬಿಡು ಅಂದ್ರಲ್ಲ, ಬಿಡ್ತಿದೀನಿ."

ಸಿಪ್ಪೆ ಆಲೂಗಡ್ಡೆ ಅಗ್ಗ ಎಂದು ಗೊತ್ತಾದ ಮೇಲೆ ಗುತ್ತಿಗೆದಾರನಿಗೂ ಅವಳ ಆರೋಗ್ಯದ ಮೇಲೆ ಕಾಳಜಿ ಹುಟ್ಟಿತು.

ಆಗ ಪ್ರೊಫೆಸರೇ ಕೆಳಗಿಳಿದು ಬಂದರು. ಅಷ್ಟು ವರ್ಷದಲ್ಲಿ ಅವರು ಹಿಂದಿನ ಕೋಣೆ ನೋಡಿದ್ದು ಅದೇ ಮೊದಲು. "ಏನಮ್ಮ ಇದು, ನಿಮ್ಮ ಆಲೂಗಡ್ಡೆ ಹೊಳೆಯೋದೇ ನಿಂತೋಗಿದೆ! ನಮ್ಮ ಕೆಲಸ ಅರ್ಧಕ್ಕೆ ನಿಂತಿದೆ. ಹಳೇದೇ ತರ್ಸಿ."

ಮೂಲೆಯಲ್ಲಿ ಕೊನೆಯದೊಂದು ಚೀಲ ಉಳಿದಿತ್ತು. ಅವಳು ಅದನ್ನೆತ್ತಿ ಅವರ ಕೈಗೇ ಕೊಟ್ಟಳು. "ತಗೊಳ್ಳಿ ಸಾರ್. ನಿಮ್ಮ ರೂಮಲ್ಲೇ ಬಿಚ್ಕೊಳ್ಳಿ. ಮುಖ ಹತ್ರ ಇಟ್ಕೊಂಡು ಬಿಚ್ಚಿ, ನಾನು ಹಾಗೇ ಬಿಚ್ತಿದ್ದೆ."

ಅವರು ಹಾಗೆ ಬಿಚ್ಚಲಿಲ್ಲ. ಪ್ರಯೋಗಾಲಯದಲ್ಲಿ ಗಾಳಿ ಹೊರಗೆಳೆಯುವ ಗಾಜಿನ ಪೆಟ್ಟಿಗೆಯಿದೆ. ಕೈಗವಸು ತೊಟ್ಟು, ಅದರೊಳಗಿಟ್ಟು ಬಿಚ್ಚಿದರು. ಮೇಲಿನವರಿಗೆ ಹಾಗೊಂದು ನಿಯಮವಿದೆ.

ಕೆಮ್ಮು ಒಮ್ಮೆಗೇ ಹೋಗಲಿಲ್ಲ. ಬೆರಳಿಗೆ ಗುಳ್ಳೆ ಎದ್ದವು, ಬೆನ್ನು ಹಿಡಿಯಿತು, ಬೆಕ್ಕಿನೊಡನೆ ರಾಜಿಯಾಯಿತು. ಕೆಲಸ ಉಳಿಯಿತು. ಒಂದು ಬೆಳಗ್ಗೆ ಮಗಳು ಶಾಲೆಗೆ ತಡವಾಗಿ ಎದ್ದು ರೇಗಾಡಿದಳು:

"ಏನಮ್ಮಾ ನೀನು, ಸೀಟಿನೇ ಹೊಡೀಲಿಲ್ಲ! ನಾನು ಹೇಗೆ ಏಳ್ಬೇಕು?"