ಎರಡನೆಯ ಚೀಟಿ

ಓಟಿನ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇನ್ನೂ ಬಂದಿರದ ಕಾಲವದು. ಮತಗಟ್ಟೆಯ ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಡಬ್ಬಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಪ್ರತಿಯೊಂದಕ್ಕೂ ಅವರವರ ಗುರುತು ಅಂಟಿಸಿರುತ್ತಿತ್ತು. ತನಗೆ ಬೇಕಾದ ಡಬ್ಬಕ್ಕೆ ಚೀಟಿ ಹಾಕಿ ಬಂದರೆ ಓಟು ಮುಗಿಯಿತು. ಈಗ ನನ್ನ ಓರಗೆಯವರಿಗೂ ಇದನ್ನು ನೆನಪು ಮಾಡಿಕೊಡಬೇಕಾಗುತ್ತದೆ.

ನಾನು ಬರೆಯುತ್ತಿರುವ ಘಟನೆ ಅರವತ್ತೆರಡರಲ್ಲಿ ನಡೆಯಿತೆಂದು ನಮ್ಮ ಮನೆಯವರೆಲ್ಲ ಹೇಳುತ್ತಿದ್ದರು. ಬಹುಕಾಲ ನಾನೂ ನಂಬಿದ್ದೆ. ಅದು ಸಾಧ್ಯವಿಲ್ಲ. ಅರವತ್ತೆರಡರ ಹೊತ್ತಿಗೆ ಡಬ್ಬಗಳ ಸಾಲು ಹೋಗಿ ಮುದ್ರೆ ಬಂದಿತ್ತು. ಒಬ್ಬ ಮತದಾರನಿಗೆ ಲೋಕಸಭೆಗೆಂದೇ ಎರಡು ಚೀಟಿ ಕೊಡುತ್ತಿದ್ದ ದ್ವಿಸದಸ್ಯ ಕ್ಷೇತ್ರಗಳೂ ಅಷ್ಟರಲ್ಲಿ ರದ್ದಾಗಿದ್ದವು. ಆದ್ದರಿಂದ ಇದು ೧೯೫೭ರ ಚುನಾವಣೆ. ನಮ್ಮ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ೧೯೫೬ರ ನವೆಂಬರ್ ಒಂದರಂದು. ಅದಾಗಿ ಕೆಲವೇ ತಿಂಗಳುಗಳಾಗಿದ್ದವು. ನನಗೆ ಆಗ ಒಂಬತ್ತು ವರ್ಷ.

ಹುಣಸೆ ಬಡಿಯುವ ಕಾಲ. ರಾಮಾಪುರದ ನಮ್ಮ ಮನೆಯಂಗಳದಲ್ಲಿ ಹಣ್ಣಿನ ರಾಶಿ ಬಿದ್ದಿರುತ್ತಿತ್ತು. ಆ ಹುಳಿವಾಸನೆ ಉಟ್ಟ ಬಟ್ಟೆಗೂ ಹತ್ತುತ್ತಿತ್ತು. ತಾತನ ಹೊಲವನ್ನು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದ ಜವರಯ್ಯನ ಹೆಂಡತಿ ಮಾದಮ್ಮ ಕೊಟ್ಟಿಗೆಯ ಬಳಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಅವಳ ಮಗಳು ಕೆಂಪಿ ನನ್ನ ವಯಸ್ಸಿನವಳು. ಅವಳು ಮನೆಯೊಳಗೆ ಬರುವಂತಿರಲಿಲ್ಲ. ನಾನು ಕೊಟ್ಟಿಗೆಗೆ ಹೋಗುವುದನ್ನು ಯಾರೂ ತಡೆಯುತ್ತಿರಲಿಲ್ಲ. ಅಲ್ಲೇ ನೆಲದಲ್ಲಿ ಗುಳಿ ತೋಡಿ ಹುಣಸೆಬೀಜದಿಂದ ಅಳಗುಳಿ ಆಡುತ್ತಿದ್ದೆವು. ಹಣ್ಣಿಗೆ ಬೆಲ್ಲ, ಜೀರಿಗೆ ಸೇರಿಸಿ ಕುಟ್ಟಿದ ಚಿಗಳಿಯನ್ನು ಕಡ್ಡಿಗೆ ಸಿಕ್ಕಿಸಿಕೊಂಡು ಚೀಪುತ್ತಿದ್ದೆವು. ಬೀಜ ಎಣಿಸುವುದರಲ್ಲಿ ಅವಳು ಮೋಸ ಮಾಡುತ್ತಾಳೆಂದು ದಿನವೂ ಜಗಳವಾಗುತ್ತಿತ್ತು.

ಓಟಿನ ಹಿಂದಿನ ಸಂಜೆ ತಾತ ಆಳುಗಳನ್ನೂ ವಾರದವರನ್ನೂ ಜಗಲಿಯ ಮುಂದೆ ಸೇರಿಸಿದರು. ಒಟ್ಟು ಹದಿನಾಲ್ಕು ಮಂದಿ. ಅವರ ಹೆಸರುಗಳನ್ನು ಸ್ಲೇಟಿನಲ್ಲಿ ಬರೆದವಳು ನಾನೇ.

“ನೋಡ್ರಪ್ಪ, ಡೆಲ್ಲಿ ಓಟ್ಗ ಎರಡ್ ಚೀಟಿ ಕೊಡ್ತರ. ಒಂದ ನಮ್ಮವರ ಡಬ್ಬಕ ಆಕಿ. ಇನ್ನೊಂದ ಎಲ್ಲೂ ಆಕ್ಬ್ಯಾಡಿ. ಸೊಂಟಕ ಸಿಕ್ಕುಸ್ಕಂಡು ಇಲ್ಲಿಗ ತಕಂಡು ಬನ್ನಿ.”

“ಡೆಲ್ಲಿ ಯಾವ್ ಕಡೆ ಬುದ್ಧಿ, ಕೊಯಮತ್ತೂರು ದಾಟ್ಕಂಡ?” ಗಾಡಿ ಹೊಡೆಯುವ ಮುದುಕನೊಬ್ಬ ಕೇಳಿದ.

“ಇವ ಇನ್ನೂ ಕೊಯಮತ್ತೂರ ಬುಡ್ನಿಲ್ಲ. ಈಗ ಮೈಸೂರ್ ಕಡೀಂದ ಓಗ್ಬೇಕು ಕಣ್ಲಾ.”

ತಾತನ ಮಾತಿಗೆ ಎಲ್ಲರೂ ನಕ್ಕರು. ಜವರಯ್ಯ ಮಾತ್ರ ಕೇಳಿದ: “ಎರಡ್ನೂ ಆಕುದ್ರ ಏನಾದ್ದು ಬುದ್ಧಿ?”

“ಎರಡ್ ಕುರ್ಚಿನೂ ನಿಮ್ಮವರ್ಗೇ ಓಯ್ತದ. ಆಮೇಲ ನಾವೇನ್ ಮಾಡ್ಬೇಕು?”

ತಾತನ ಅಂಜಿಕೆಗೆ ಆಧಾರವೇ ಇರಲಿಲ್ಲವೆನ್ನಲಾರೆ. ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿಗೆ ಮೀಸಲು, ಇನ್ನೊಂದು ಎಲ್ಲರಿಗೂ ತೆರೆದದ್ದು. ಆ ಜಾತಿಗಳ ಇಬ್ಬರಿಗೇ ಹೆಚ್ಚು ಓಟು ಬಿದ್ದರೆ ಎರಡನ್ನೂ ಅವರೇ ಗೆಲ್ಲುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಮುಂದೆ ಆ ಕಾನೂನನ್ನು ನಾನೇ ಓದಿದೆ. ಚೀಟಿಯನ್ನು ಮತಗಟ್ಟೆಯಿಂದ ಹೊರಗೆ ತರುವುದು ತಪ್ಪೆಂಬುದನ್ನೂ ಆಗಲೇ ಓದಿ ತಿಳಿದೆ.

ಮರುದಿನ ಒಬ್ಬೊಬ್ಬರೇ ಶಾಲೆಯಲ್ಲಿ ಓಟು ಹಾಕಿ ನೆಟ್ಟಗೆ ನಮ್ಮ ಜಗಲಿಗೆ ಬಂದರು. ವಿಧಾನಸಭೆಯ ಚೀಟಿಗಳು ಬೇರೆಯೇ ಇದ್ದವು. ತಾತ ಕೇಳುತ್ತಿದ್ದದ್ದು ಲೋಕಸಭೆಯದನ್ನು ಮಾತ್ರ. ನಾನು ತೊಡೆಯ ಮೇಲೆ ಮೊರವಿಟ್ಟುಕೊಂಡು ಕೂತಿದ್ದೆ. ಸೊಂಟದಿಂದ, ಮಡಿಲಿನಿಂದ ಬೆವರಿಗೆ ಮೆತ್ತಗಾದ ಚೀಟಿಗಳು ಮೊರಕ್ಕೆ ಬೀಳುತ್ತಿದ್ದವು. ಕೊಟ್ಟವರ ಹೆಸರಿನ ಮುಂದೆ ನಾನು ಗೀಟು ಎಳೆಯುತ್ತಿದ್ದೆ. ಒಬ್ಬ ಮುದುಕಿ ಡಬ್ಬಕ್ಕೆ ಕುಂಕುಮವಿಟ್ಟು ಕೈಮುಗಿದಳಂತೆ; ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಜವರಯ್ಯ ತನ್ನ ಚೀಟಿಯನ್ನು ಮೊರಕ್ಕೆ ಹಾಕಿ ಹೋದ.

ಹೊತ್ತು ಇಳಿಯುವಾಗ ತಾತ ಚೀಟಿಗಳನ್ನೆಲ್ಲ ಬಾಚಿ ವಸ್ತ್ರದಲ್ಲಿ ಕಟ್ಟತೊಡಗಿದರು. ಅವರು ಎಣಿಸಲಿಲ್ಲ. ನಾನು ಬಾಯಿ ಬಿಡದಿದ್ದರೆ ಗಂಟು ಕಟ್ಟಿ ಎದ್ದುಬಿಡುತ್ತಿದ್ದರು.

“ತಾಳು ತಾತ. ಹದ್ನಾಕ್ ಜನ, ಹದ್ಮೂರ್ ಚೀಟಿ. ಒಂದ್ ಕಮ್ಮಿ ಅದ,” ಎಂದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ದನಿಯಲ್ಲೇ ಹೇಳಿದೆ. ಶಹಬಾಸ್ ಎನಿಸಿಕೊಳ್ಳುವ ಆಸೆ.

“ಯಾರ್ದು ಕೂಸು?”

“ಮಾದಮ್ಮಂದು.”

ಮಾದಮ್ಮ ಕೊಟ್ಟಿಗೆಯಿಂದ ಕೈ ಒರಸಿಕೊಳ್ಳುತ್ತ ಬಂದು ಅಂಗಳದಲ್ಲಿ ನಿಂತಳು. ಹಿಂದೆ ಕೆಂಪಿ, ಅವಳ ಹಿಂದೆ ಜವರಯ್ಯ.

“ನಿನ್ ಚೀಟಿ ಎಲ್ಲಿ?” ತಾತ ಕೇಳಿದರು.

“ಕಳ್ದೋಯ್ತು ಅನ್ನು,” ಎಂದು ಜವರಯ್ಯ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

“ಕಳ್ದೋಗ್ನಿಲ್ಲ ಬುದ್ಧಿ. ಆಕ್ದಿ.”

“ಎರಡ್ನೂವ?”

“ಎರಡ್ನೂ ಬುದ್ಧಿ. ಒಂದ ನಿಮ್ ಉಪ್ಪಿಗ ಆಕ್ದಿ. ಇನ್ನೊಂದ ನಮ್ ಕೇರಿಗ ಆಕ್ದಿ.”

ತಾತ ಕೂಗಾಡುವವರಲ್ಲ. ಗಂಟನ್ನು ಬಿಗಿ ಮಾಡಿ, “ಉಗಾದಿ ಕಳೀಲಿ. ಆಮೇಲ ಹೊಲ ಬುಟ್ಕೊಟ್ಟು ಬ್ಯಾರೆ ಕಡೆ ನೋಡ್ಕಳಿ,” ಎಂದಷ್ಟೇ ಹೇಳಿದರು. ಅವರ ಗುಡಿಸಲಿದ್ದದ್ದೂ ಆ ಹೊಲದ ಬದುವಿನಲ್ಲೇ. ಹೊಲ ಹೋದರೆ ಸೂರೂ ಹೋಯಿತು.

ಎರಡು ದಿನ ಕೆಂಪಿ ಆಟಕ್ಕೆ ಬರಲಿಲ್ಲ. ಮೂರನೆಯ ದಿನ ನಾನೇ ಹುಡುಕಿಕೊಂಡು ಹೋದೆ. ಅವಳು ಗುಡಿಸಲಿನ ಮುಂದೆ ಮೇಕೆಮರಿಗೆ ಸೊಪ್ಪು ಹಿಡಿದಿದ್ದಳು.

“ನೀ ಯಾಕ ಎಣಸ್ದಿ ಗೌರವ್ವ?”

“ತಾತ ಲೆಕ್ಕ ಇಡು ಅಂದಿತ್ತು.”

“ತಪ್ಪೆಣಸ್ಬೋದಾಗಿತ್ತಲ್ಲ,” ಎಂದಳು. ಬೈಗುಳದಂತೆ ಹೇಳಲಿಲ್ಲ. ನನಗೆ ಗೊತ್ತಿರದ ಒಂದು ದಾರಿಯನ್ನು ತೋರಿಸುವವಳಂತೆ ಹೇಳಿದಳು.

ಹಾಗೆ ಮಾಡಬಹುದೆಂಬುದೇ ನನಗೆ ಹೊಳೆದಿರಲಿಲ್ಲ. ಮನೆಗೆ ಓಡಿಬಂದು, “ತಾತ, ನಾ ತಪ್ ಎಣಸಿದ್ದಿ,” ಎಂದೆ. ತಾತ ನಕ್ಕು ತಲೆ ಸವರಿದರು. “ಅವಳೇ ಒಪ್ಕಂಡವಳಲ್ಲ ಕೂಸು. ನಿನ್ ಲೆಕ್ಕ ಯಾವತ್ತೂ ತಪ್ಪಲ್ಲ.” ಬಯಸಿದ್ದ ಹೊಗಳಿಕೆ ಆ ದಿನ ಸಿಕ್ಕಿತು. ಆ ರಾತ್ರಿ ನಾನು ಉಣ್ಣಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಕೆಂಪಿಯ ಮನೆಯವರು ಮದರಾಸಿನ ಗಡಿಯ ಪಾಲಾರ್ ದಿಕ್ಕಿಗೆ ಹೊರಟರು. ಅಲ್ಲಿ ಯಾರದೋ ತೋಟದಲ್ಲಿ ಕೆಲಸವಂತೆ, ಆ ತೋಟದವರು ಮನೆಯಲ್ಲಿ ತಮಿಳು ಆಡುವವರಂತೆ. ಜವರಯ್ಯನ ತಲೆಯ ಮೇಲೆ ಗಂಟು, ಮಾದಮ್ಮನ ಕಂಕುಳಲ್ಲಿ ಮಡಕೆ. ಕೆಂಪಿ ಮೇಕೆಯ ಹಗ್ಗ ಹಿಡಿದಿದ್ದಳು. ನಾನು ಬೇಲಿಯ ಹತ್ತಿರ ನಿಂತಿರುವುದು ಅವಳಿಗೆ ಕಂಡಿತ್ತು. ಮೇಕೆಯ ಕಡೆ ನೋಡುತ್ತಲೇ ದಾಟಿ ಹೋದಳು.

೧೯೬೨ರಲ್ಲಿ ನಮ್ಮ ಸೀಮೆ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಇದ್ದದ್ದು ಒಂದೇ ಸ್ಥಾನ, ಅದು ಪರಿಶಿಷ್ಟ ಜಾತಿಗೆ ಮೀಸಲು. ಮುದ್ರೆ ಒತ್ತಿದ ಚೀಟಿಯನ್ನು ಮಡಚಿ ಅಧಿಕಾರಿಗಳ ಎದುರಿನ ಡಬ್ಬಕ್ಕೇ ಹಾಕಬೇಕು. ಜಗಲಿಯ ಮುಂದೆ ಯಾರೂ ಬಂದು ನಿಲ್ಲಲಿಲ್ಲ. ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದ ತಾತ, ಆಮೇಲೆ ಮಡಿಪಂಚೆ ಉಟ್ಟು ಹೋಗಿ ಓಟು ಹಾಕಿ ಬಂದರು. ಯಾರಿಗೆ ಒತ್ತಿದಿರೆಂದು ಕೇಳಿದೆ.

“ಅದ್ನೆಲ್ಲ ಕೇಳ್ಬಾರ್ದು ಕೂಸು,” ಎಂದರು.

ಎಪ್ಪತ್ತರ ದಶಕದಲ್ಲಿ, ಆ ಕ್ಷೇತ್ರದ ಚುನಾವಣೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಪಾಲಾರ್ ಕಡೆಯ ಮತದಾರರ ಪಟ್ಟಿಗಳು ನನ್ನ ಕೈಗೆ ಬಂದವು. ನನ್ನ ಅಧ್ಯಯನಕ್ಕೆ ಅವು ಬೇಕಿರಲಿಲ್ಲ, ಆದರೂ ತೆರೆದೆ. ಮಾದಪ್ಪನ ಬೆಟ್ಟದ ಸೀಮೆಯದು, ಪುಟಪುಟಕ್ಕೂ ಮಾದಮ್ಮಂದಿರು. ಗಂಡ ಜವರಯ್ಯ ಎಂದಿದ್ದವರು ಇಬ್ಬರು. ಇಬ್ಬರ ವಯಸ್ಸೂ ಹೊಂದಲಿಲ್ಲ. ಕೆಂಪಿಗೂ ಅಷ್ಟರಲ್ಲಿ ಓಟಿನ ವಯಸ್ಸು ದಾಟಿತ್ತು. ನನ್ನ ವಯಸ್ಸಿನ ಕೆಂಪಮ್ಮಂದಿರು ಐವರು ಸಿಕ್ಕರು. ಎಲ್ಲರ ಹೆಸರಿನ ಪಕ್ಕದಲ್ಲೂ ನಾನರಿಯದ ಗಂಡಂದಿರ ಹೆಸರು. ತಂದೆಯ ಹೆಸರಿದ್ದಿದ್ದರೆ ತಾಳೆ ನೋಡಬಹುದಿತ್ತು.

ಐವರ ಮನೆ ನಂಬರನ್ನೂ ಬರೆದುಕೊಂಡು ಬಂದೆ. ರಾಮಾಪುರದಿಂದ ಅಲ್ಲಿಗೆ ಬಸ್ಸಿತ್ತು. ಒಂದು ದಿನದಲ್ಲಿ ಐದು ಬಾಗಿಲಿಗೂ ಹೋಗಿ ವಿಚಾರಿಸಬಹುದಿತ್ತು; ಅದಕ್ಕಿಂತ ಕಡಿಮೆ ಆಧಾರ ಹಿಡಿದು ಎಷ್ಟೋ ಊರು ಅಲೆದವಳು ನಾನು. ಅಲ್ಲಿಗೆ ಹೋಗಲಿಲ್ಲ. ಐದರಲ್ಲೊಂದು ಬಾಗಿಲಿನಿಂದ ಅವಳೇ ಹೊರಬಂದು ಯಾರೆಂದು ಕೇಳಿದರೆ, ಯಾವ ಹೆಸರಿನಿಂದ ನನ್ನ ಗುರುತು ಹೇಳಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.