ಬೆವರಿದ ಪರಸಿ

ನಮ್ಮ ಚಿತ್ತಾಪುರದ ಕಡೆ ಬೇಸಿಗೆಯ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಅವ್ವ ಮಾತ್ರ ಅದನ್ನು ನಂಬುವುದಿಲ್ಲ. ಹೋದ ಮೇ ತಿಂಗಳು ವರ್ಷದ ಬೇಳೆಗೆಂದು ತೊಗರಿ ನೆನೆಸಿ ಅಂಗಳದಲ್ಲಿ ಒಣಹಾಕಿದ್ದೆವು. ಅದರ ಮೇಲೆ ಮಳೆ ಬಿದ್ದರೆ ಕಾಳು ಮೊಳಕೆಯೊಡೆದು ಅಷ್ಟೂ ಹಾಳು. ಎರಡನೆಯ ದಿನ ಬೆಳಿಗ್ಗೆ ಅವ್ವ ಒಳಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಪರಸಿಯ ಮೇಲೆ ಕಾಲಿಟ್ಟವಳು ಹಾಗೇ ನಿಂತಳು. ಕಲ್ಲು ಬೆವರಿತ್ತು.

"ಮಳಿ ಬರ್ತದ. ತೊಗರಿ ಒಳಗ ತರ್ರಿ."

"ಫೋನದಾಗ ಖಡಕ್ ಬಿಸಿಲು ತೋರಸಾಕತ್ತದ, ಯವ್ವಾ."

"ಹಂಗಾರ ಫೋನದಾಗೇ ಬ್ಯಾಳಿ ಒಣಗಸ್ಕೋ."

ತೊಗರಿ ಒಳಗೆ ಬಂತು. ಮಧ್ಯಾಹ್ನವಾದರೂ ಒಂದು ಮೋಡವಿಲ್ಲ. ರಾಶಿಬಿದ್ದ ಹಸಿ ಕಾಳು ಮುಗ್ಗು ಹಿಡಿದೀತೆಂದು ನನಗೆ ಚಿಂತೆ. ಅವ್ವ ಅಡುಗೆಮನೆಯಲ್ಲಿದ್ದಾಗ ಹೆಗಲ ಮೇಲಿನ ದಸ್ತಿಯಿಂದ ಪರಸಿ ಒರೆಸಿ, ಅವಳನ್ನು ಕರೆದೆ.

"ಬಂದು ನೋಡು, ಕಲ್ಲು ಒಣಗ್ಯಾದ."

ಅವಳು ಬಗ್ಗಿ ಕಲ್ಲನ್ನು ಮುಟ್ಟಿದಳು. ಎದ್ದು ನನ್ನ ದಸ್ತಿಯನ್ನು ಮುಟ್ಟಿದಳು.

"ಇದ್ಯಾಕ ಹಸಿ ಅದ?"

ಮೂರು ಗಂಟೆಗೆ ಗುಡುಗಿತು. ಮಳೆ ಅಂಗಳವನ್ನೆಲ್ಲ ತೊಳೆದುಕೊಂಡು ಹೋಯಿತು, ತೊಗರಿ ಉಳಿಯಿತು. ಈಗ ಕಲ್ಲು ಒಣಗಿದೆ ಎಂದು ನಾನು ಹೇಳಿದರೆ ಸಾಕು, ಅವ್ವ ಮೊದಲು ನನ್ನ ದಸ್ತಿ ಕೇಳುತ್ತಾಳೆ.