ಎರಡು ಬಳೆಯ ಸೂರು

ಅಮ್ಮನ ಚಿನ್ನದ ಬಳೆಗಳು ಈಗ ಸೋಲದೇವನಹಳ್ಳಿಯಲ್ಲಿ, ನನ್ನ ತಮ್ಮನ ಮನೆಯ ಮೇಲೆ ಇವೆ. ಇಟ್ಟಿಗೆ ಕೆಂಪಿನ ತಗಡು ಶೀಟುಗಳಾಗಿ ಬೀದಿಯ ತುದಿಯಿಂದಲೇ ಕಾಣುತ್ತವೆ. ಯಲಹಂಕದಿಂದ ನಾನು ಅಲ್ಲಿಗೆ ಹೋದಾಗಲೆಲ್ಲ ಕಣ್ಣು ಮೊದಲು ಬೀಳುವುದು ಆ ಸೂರಿನ ಮೇಲೆ, ಆಮೇಲೆ ಮನೆಯವರ ಮೇಲೆ. ಐವತ್ತೆರಡು ವರ್ಷದ ಹೆಂಗಸು, ತಲೆಯ ಮೇಲೆ ಗಟ್ಟಿ ಆರ್‌ಸಿಸಿ ಇರುವವಳು, ತಮ್ಮನ ತಗಡಿನ ಮಾಡು ನೋಡಿ ಹೊಟ್ಟೆ ಉರಿದುಕೊಳ್ಳುವುದು ಚೆಂದವಲ್ಲ ಎಂದು ನನಗೂ ಗೊತ್ತು. ಆದರೆ ಹೊಟ್ಟೆ ನನ್ನನ್ನು ಕೇಳಿ ಉರಿಯುವುದಿಲ್ಲ.

ಆ ಬಳೆಗಳು ನನಗೆ ಬರಬೇಕಾಗಿದ್ದವು. ಇದು ನಾನು ಕಟ್ಟಿಕೊಂಡ ಮಾತಲ್ಲ. ಚಿಕ್ಕವಳಿದ್ದಾಗ ಅಮ್ಮ ತಲೆ ಬಾಚುವಾಗ ಆ ಬಳೆ ನನ್ನ ಕಿವಿಗೆ ತಾಗುತ್ತಿತ್ತು, ನಾನು ಅದನ್ನು ಹಿಡಿದು ತಿರುಗಿಸುತ್ತಿದ್ದೆ. "ಬಿಡೇ, ನಿಂಗೇ ಕಣೇ ಅದು, ನಾನ್ ಹೋದ್ಮೇಲೆ ತಕ್ಕೊ" ಎನ್ನುತ್ತಿದ್ದಳು ಅಮ್ಮ. ತಮ್ಮನಿಗೆ ಸೈಟು ಹೋಯಿತು, ಅಪ್ಪನ ಸ್ಕೂಟರ್ ಹೋಯಿತು, ಬಾಣಲೆಯ ಮೊದಲ ವಡೆ ಎಂದಿನಿಂದಲೂ ಅವನ ತಟ್ಟೆಗೇ ಹೋಗುತ್ತಿತ್ತು. ನಾನು ಎಲ್ಲವನ್ನೂ ನುಂಗಿಕೊಂಡೆ, ಯಾಕೆಂದರೆ ಬಳೆ ನನ್ನವು.

ಅಮ್ಮ ಇರುವುದು ತಮ್ಮನ ಜೊತೆ. ಅವನಿಗೆ ನಾಗಸಂದ್ರದ ಕಡೆ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ಅವನ ಹೆಂಡತಿಗೆ ಹತ್ತಿರದ ಕಾಲೇಜಿನ ಹಾಸ್ಟೆಲ್ ಅಡುಗೆಮನೆಯಲ್ಲಿ. ಅಮ್ಮನಿಗೆ ಆರು ವರ್ಷದಿಂದ ಕಣ್ಣಿನ ನರ ಸೋತಿದೆ. ಬೆಳಕು, ನೆರಳು ಇಷ್ಟೇ ತಿಳಿಯುವುದು. ಆದರೂ ಮನೆಯಲ್ಲಿ ಅವಳನ್ನು ನೋಡಿದವರಿಗೆ ಹಾಗನ್ನಿಸುವುದಿಲ್ಲ. ಗೇಟಿನ ಚಿಲಕ ಸದ್ದಾದರೆ ಬಂದವರು ಯಾರು ಎಂದು ಹೇಳುತ್ತಾಳೆ, ಹಾಲು ಉಕ್ಕುವ ಮೊದಲೇ "ಒಲೆ ಆರ್ಸು" ಎನ್ನುತ್ತಾಳೆ. ಅವಳ ಹತ್ತಿರ ಒಂದು ಬಟನ್ ಫೋನಿದೆ. ಒಂದನ್ನು ಒತ್ತಿ ಹಿಡಿದರೆ ತಮ್ಮನಿಗೆ ಹೋಗುತ್ತದೆ, ಎರಡನ್ನು ಒತ್ತಿದರೆ ನನಗೆ. ನಂಬರ್ ಹಾಕಿಕೊಟ್ಟವನು ತಮ್ಮನೇ. ನಾನು ದೊಡ್ಡವಳು, ಆದರೂ ಎರಡು.

ಆಲಿಕಲ್ಲು ಬಿದ್ದ ಮಧ್ಯಾಹ್ನ ಅಮ್ಮ ಒತ್ತಿದ್ದು ಒಂದನ್ನೇ. ಬೇಸಿಗೆಯ ಮಳೆ, ಮೊದಲು ಗಾಳಿ, ಆಮೇಲೆ ನಿಂಬೆಹಣ್ಣಿನ ಗಾತ್ರದ ಕಲ್ಲುಗಳು. ಮನೆಯಲ್ಲಿ ಅವಳೊಬ್ಬಳೇ. ಹಳೆಯ ಸಿಮೆಂಟ್ ಶೀಟುಗಳು ಒಂದೊಂದಾಗಿ ಒಡೆದು ಚೂರು ಮಂಚದ ಮೇಲೆ ಬೀಳತೊಡಗಿದಾಗ ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಪಾತ್ರೆ ಇಡುವ ಕಾಂಕ್ರೀಟ್ ಸಜ್ಜದ ಕೆಳಗೆ ನಿಂತಿದ್ದಳು. ತಮ್ಮ ಬಂದು ನೋಡಿದಾಗಲೂ ಅಲ್ಲೇ ಇದ್ದಳಂತೆ, ಸೆರಗು ತಲೆಯ ಮೇಲೆ ಹಾಕಿಕೊಂಡು. ನನಗೆ ಸುದ್ದಿ ಬಂದದ್ದು ಸಂಜೆ, ಅದೂ ತಮ್ಮನ ಹೆಂಡತಿಯಿಂದ.

ಮಾರನೆಯ ದಿನ ಹೋದೆ. ಹದಿನೆಂಟು ಶೀಟಿನಲ್ಲಿ ಹನ್ನೊಂದು ತೂತಾಗಿದ್ದವು. ಒಡೆದದ್ದನ್ನಷ್ಟೇ ಬದಲಾಯಿಸಿದರೆ ಆಗದೇ ಎಂದು ತಮ್ಮ ಕೇಳಿದ್ದಕ್ಕೆ ಮಾಡಿನ ಕೆಲಸದ ಮೇಸ್ತ್ರಿ ತಲೆಯಾಡಿಸಿದ.

"ಆಗಲ್ಲ ಸಾರ್. ಈ ಹಳೇ ಶೀಟಿನ ಅಲೆಗೂ ಈಗ ಬರೋ ಶೀಟಿನ ಅಲೆಗೂ ಕೂರಲ್ಲ. ಉಳಿದಿರೋ ಏಳರ ಮೇಲೆ ಕಾಲಿಟ್ರೆ ಅವೂ ಪುಡಿ. ಎಲ್ಲಾ ತೆಗ್ದು ಪೈಪ್ ಕಟ್ಟಿ ಹೊಸ್ದಾಗಿ ಹಾಕ್ಬೇಕು."

ಹಳೆಯದನ್ನು ಇಳಿಸುವ ಕೂಲಿ, ಕಬ್ಬಿಣದ ಪೈಪು, ವೆಲ್ಡಿಂಗು, ಶೀಟು, ಸ್ಕ್ರೂ, ಗಾಡಿ ಬಾಡಿಗೆ ಎಲ್ಲ ಸೇರಿ ಅವನು ಹೇಳಿದ ಮೊತ್ತ ಒಂದು ಲಕ್ಷದ ಮೇಲೆ ಇಪ್ಪತ್ತು ಸಾವಿರ. ತಮ್ಮ ಮುಖ ಒರೆಸಿಕೊಂಡ. ಅಮ್ಮ ಕುರ್ಚಿಯಲ್ಲಿ ಕೂತಲ್ಲೇ ಬಳೆ ಬಿಚ್ಚತೊಡಗಿದಳು. ಗೆಣ್ಣು ದಪ್ಪವಾಗಿತ್ತು, ಬರಲಿಲ್ಲ. "ಸೋಪು ತಗೊಂಬಾರೇ" ಎಂದಳು. ಯಾರಿಗೆ ಎಂದುಕೊಂಡಿರಿ? ನನಗೆ. ನನ್ನ ಬಳೆಯನ್ನು ತೆಗೆಯಲು ನಾನೇ ಬಚ್ಚಲಿಗೆ ಹೋಗಿ ಸೋಪು ತಂದುಕೊಟ್ಟೆ.

"ನಿಂಗ್ ಬೇಜಾರಾ?" ಎಂದು ಕೇಳಿದಳು.

"ಇಲ್ಲಮ್ಮ, ನಂಗ್ಯಾಕೆ ಬೇಜಾರು" ಎಂದೆ. ಆ ವಾರವೇ ನಮ್ಮ ಸ್ಕೂಲಿನ ಟೀಚರುಗಳ ಚೀಟಿಗೆ ಸೇರಿದೆ. ಚೀಟಿ ಎತ್ತಿ ಅದೇ ನಮೂನೆಯ ಎರಡು ಬಳೆ ಮಾಡಿಸಿಕೊಂಡು, ಅದನ್ನು ಹಾಕಿಕೊಂಡು ಆ ಮನೆಗೆ ಹೋಗಬೇಕು ಎನ್ನುವುದು ನನ್ನ ಹಠ. ಅಮ್ಮನಿಗೆ ಕಾಣುವುದಿಲ್ಲ ಎನ್ನುವುದು ಆಗ ಹೊಳೆಯಲೇ ಇಲ್ಲ.

ಶೀಟು ಆರಿಸಲು ಅಂಗಡಿಗೆ ನಾವು ಮೂವರೂ ಹೋದೆವು. ಹಣ ಅಮ್ಮನದು, ಹಾಗಾಗಿ ಅವಳನ್ನೂ ಕರೆದುಕೊಂಡು ಹೋಗಿದ್ದ ತಮ್ಮ. ಅವಳು ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಂಗಡಿಯವನು ಎರಡು ತರಹ ತೋರಿಸಿದ. ಒಂದು ಬರೀ ಬಣ್ಣದ ತಗಡು. ಇನ್ನೊಂದು, ಎರಡು ತಗಡಿನ ನಡುವೆ ದಪ್ಪ ಫೋಮ್ ತುಂಬಿದ್ದು, ರೇಟು ಹೆಚ್ಚುಕಡಿಮೆ ಎರಡರಷ್ಟು. "ಆಲಿಕಲ್ಲಿಗೆ ಎರಡೂ ಜಗ್ಗಲ್ಲ" ಎಂದ ಅಂಗಡಿಯವನು. ತಮ್ಮ ನನ್ನ ಕಡೆ ತಿರುಗಿ, "ಅಕ್ಕ, ನೀನೇನಂತೀಯಾ?" ಎಂದು ಕೇಳಿದ.

ನನಗೆ ಗೊತ್ತಿತ್ತು. ನಮ್ಮ ಸ್ಕೂಲಿನ ಮೇಲಿನ ಎರಡು ಕ್ಲಾಸುಗಳಿಗೆ ಇದೇ ಬರೀ ತಗಡಿನ ಮಾಡು. ಮಳೆ ಬಂತೆಂದರೆ ಪಾಠ ನಿಲ್ಲಬೇಕು. ಮುಂದಿನ ಬೆಂಚಿನ ಮಕ್ಕಳಿಗೂ ನನ್ನ ದನಿ ಕೇಳುವುದಿಲ್ಲ, ಬೋರ್ಡಿನ ಮೇಲೆ ಬರೆದು ಸುಮ್ಮನೆ ಕೂರುತ್ತೇವೆ. ಹತ್ತು ವರ್ಷದಿಂದ ಆ ಸದ್ದಿನ ಕೆಳಗೆ ಗಂಟಲು ಹರಿದುಕೊಂಡವಳು ನಾನು. ಕಣ್ಣಿಲ್ಲದ ಅಮ್ಮನಿಗೆ ಕಿವಿಯೇ ಎಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ತಮ್ಮ ಫೋಮ್ ಇರುವುದನ್ನೇ ಹಾಕಿಸುತ್ತಿದ್ದ. ಆದರೆ ಬಳೆಯ ದುಡ್ಡು ಅದಕ್ಕೆ ಸಾಲುತ್ತಿರಲಿಲ್ಲ, ಮಿಕ್ಕಿದ್ದನ್ನು ನಾನು ಹಾಕಬೇಕಾಗುತ್ತಿತ್ತು. ಬಳೆಯೂ ಹೋಗಿ, ಮೇಲೆ ನನ್ನ ಕೈಯಿಂದ ದುಡ್ಡೂ ಹೋಗುವುದೇ? ಬೇಕಿದ್ದರೆ ಅನುಭವಿಸಲಿ ಎಂದು ಮನಸ್ಸು ಹೇಳಿತು. ಹೌದು, ಇದೇ ಮಾತು, ಅಮ್ಮ ನನ್ನ ಭುಜ ಹಿಡಿದು ನಿಂತಿರುವಾಗ.

"ನಂಗೇನ್ ಗೊತ್ತು, ನಿನ್ ಮನೆ, ನಿನ್ನಿಷ್ಟ" ಎಂದೆ. ಬರೀ ತಗಡೇ ಬಂತು.

ಮಳೆಗಾಲ ಶುರುವಾದ ಮೇಲೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಅಮ್ಮ ಎರಡನ್ನು ಒತ್ತುತ್ತಿದ್ದಳು.

"ಮೋಡ ಆದಂಗದೆ ಕಣೇ. ಬರ್ಲಾ?"

ನಾನು ಆಟೋ ಮಾಡಿಕೊಂಡು ಹೋಗಿ ಕರೆದುಕೊಂಡು ಬರುತ್ತಿದ್ದೆ. ಎರಡು ದಿನ, ಮೂರು ದಿನ ಇರುತ್ತಿದ್ದಳು. "ಅಲ್ಲಿ ಸದ್ದು, ನಂಗಾಗಲ್ಲ" ಎಂದಷ್ಟೇ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಮಳೆ ಬಂದರೂ ಕಿಟಕಿ ಮುಚ್ಚಿದರೆ ಗೊತ್ತೇ ಆಗುವುದಿಲ್ಲ. ಮೊದಲ ವಡೆಯನ್ನು ನಾನು ಅವಳ ತಟ್ಟೆಗೆ ಹಾಕುತ್ತಿದ್ದೆ, ಅವಳು ಅದನ್ನು ಮುರಿದು ಅರ್ಧ ನನ್ನ ಕೈಗಿಡುತ್ತಿದ್ದಳು. ತಮ್ಮ ಫೋನ್ ಮಾಡಿ "ಯಾವಾಗ್ ಬರ್ತೀಯಾ ಅಮ್ಮ, ಮನೆ ಬಿಕೋ ಅನ್ನುತ್ತೆ" ಎಂದರೆ ನಾನೇ ಫೋನು ಇಸಕೊಂಡು, "ಇನ್ನೂ ಮೋಡ ಇದೆ ಕಣೋ, ಇರ್ಲಿ ಬಿಡು" ಎನ್ನುತ್ತಿದ್ದೆ. ಆ ಮಾತು ಹೇಳುವಾಗಿನ ಸುಖ ಬಳೆ ಹಾಕಿಕೊಂಡರೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಟೆರೇಸಿಗೆ ಹೋಗಿ ಪಡುವಣ ದಿಕ್ಕು ನೋಡುವುದು ಅಭ್ಯಾಸವಾಯಿತು. ನನ್ನ ಗಂಡ, "ಬಟ್ಟೆ ಒಣಗ್ತಿಲ್ಲ ಅಂತ ಎಲ್ರೂ ಗೋಳಾಡ್ತಾರೆ, ನಿನಗೇನು ಮಳೆ ಬಂದ್ರೆ ಹಬ್ಬ?" ಎಂದು ರೇಗಿಸಿದರು.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಮೋಡ ಕಂಡು, ಅಮ್ಮ ಕರೆಯುವ ಮೊದಲೇ ಹೊರಟೆ. ಆಟೋ ಅವರ ಬೀದಿಗೆ ತಿರುಗುವ ಹೊತ್ತಿಗೆ ಮಳೆ ಹಿಡಿಯಿತು. ಗೇಟು ತೆಗೆದೆ, ಚಿಲಕ ಜೋರಾಗಿಯೇ ಹಾಕಿದೆ, ಒಳಗಿನಿಂದ "ಬಂದ್ಯಾ" ಎನ್ನುವ ದನಿ ಬರಲಿಲ್ಲ. ಬಾಗಿಲು ದಾಟಿದರೆ ಕಿವಿಗೆ ಬೇರೇನೂ ಕೇಳದಷ್ಟು ಸದ್ದು. ತಮ್ಮನ ಹೆಂಡತಿ ಎರಡು ಹೆಜ್ಜೆ ದೂರದಲ್ಲಿ ಕಾಫಿ ಲೋಟ ಹಿಡಿದು "ಅತ್ತೇ, ಅತ್ತೇ" ಎಂದು ಕೂಗುತ್ತಿದ್ದಳು. ಅಮ್ಮ ಮಂಚದ ಮೇಲೆ ಗೋಡೆಗೆ ಒತ್ತಿ ಕೂತು, ಎರಡೂ ಅಂಗೈಗಳನ್ನು ಗೋಡೆಗೆ ಊರಿಕೊಂಡಿದ್ದಳು. ಮುಖ ಯಾವ ಕಡೆಗೂ ತಿರುಗಿರಲಿಲ್ಲ.

ನಾನು ಹತ್ತಿರ ಹೋಗಿ ಭುಜ ಮುಟ್ಟಿದೆ. ಅಮ್ಮ ಬೆಚ್ಚಿಬಿದ್ದು ನನ್ನ ಕೈ ತಳ್ಳಿ, "ಯಾರು? ಯಾರದು?" ಎಂದು ಕಿರುಚಿದಳು.

ನಾನು "ಅಮ್ಮಾ, ನಾನು" ಎಂದೆ. ಕೇಳಲಿಲ್ಲ. ಇನ್ನೊಮ್ಮೆ ಕೂಗಿದೆ. ಕೊನೆಗೆ ಅವಳು ನನ್ನ ಮಣಿಕಟ್ಟು ಹಿಡಿದು, ಅಲ್ಲಿಂದ ಬೆರಳವರೆಗೆ ತಡವಿ ನೋಡಿದಳು. ಆಮೇಲೆ ಬಿಗಿಯಾಗಿ ಹಿಡಿದುಕೊಂಡಳು. ಮಳೆ ಸಣ್ಣಗಾದ ಮೇಲೆ, "ಮಳೆ ಬಂದ್ರೆ ನಂಗೆ ಎಲ್ಡ್ನೇ ಸಲ ಕಣ್ ಹೋದಂಗಾಯ್ತದೆ ಕಣೇ" ಎಂದಳು. ತಮ್ಮನ ಹೆಂಡತಿ ಲೋಟ ಹಿಡಿದು ನಿಂತಲ್ಲೇ ಕಣ್ಣೊರೆಸಿಕೊಂಡಳು. ನಾನು ಅಳಲಿಲ್ಲ, ಅಳುವ ಮುಖ ನನಗಿರಲಿಲ್ಲ. ನನ್ನ ಮನೆ ಇಷ್ಟವೆಂದು ಅವಳು ಓಡಿಬರುತ್ತಾಳೆ ಎಂದು ನಾನು ಮೂರು ತಿಂಗಳಿಂದ ಬೀಗುತ್ತಿದ್ದೆ.

ಮೇಸ್ತ್ರಿಯನ್ನು ಕೇಳಿದಾಗ, ಶೀಟಿನ ಕೆಳಗೆ ಸೀಲಿಂಗ್ ಕಟ್ಟಿ, ಮಧ್ಯದಲ್ಲಿ ಹತ್ತಿಯ ಹಾಸಿನಂಥದ್ದನ್ನು ತುಂಬಿದರೆ ಸದ್ದು ತಗ್ಗುತ್ತದೆ ಎಂದ. ಖರ್ಚು ಮತ್ತೆ ಲಕ್ಷದ ಹತ್ತಿರ. ಇಷ್ಟು ಕಂಡ ಮೇಲೂ ನಾನು ತಕ್ಷಣ ಹೂಂ ಎನ್ನಲಿಲ್ಲ. ಹದಿನೈದು ದಿನ ಎಳೆದೆ. ಸೀಲಿಂಗ್ ಆದರೆ ಅಮ್ಮ ನನ್ನಲ್ಲಿಗೆ ಬರುವುದು ನಿಲ್ಲುತ್ತದೆ, ತಮ್ಮನೇ ಪೂರ್ತಿ ಗೆದ್ದುಬಿಡುತ್ತಾನೆ ಎನ್ನುವ ಲೆಕ್ಕ ಆಗಲೂ ತಲೆಯಲ್ಲಿ ಓಡುತ್ತಿತ್ತು. ಆದರೆ "ಯಾರದು?" ಎಂದು ಕಿರುಚಿದ ದನಿ ಪಾಠದ ನಡುವೆ, ಊಟದ ನಡುವೆ ಬಂದು ನಿಲ್ಲುತ್ತಿತ್ತು. ಕೊನೆಗೆ ಕಸರು ಬಿಟ್ಟು, ಬರಬೇಕಾದ ದುಡ್ಡಿನಲ್ಲಿ ಒಂದಷ್ಟು ಕಳೆದುಕೊಂಡು, ಅವಧಿಗೆ ಮೊದಲೇ ಚೀಟಿ ಎತ್ತಿದೆ. "ಮುಂದಿನ್ ವರ್ಷ ನಾನೇ ಮಾಡಿಸ್ತೀನಿ ಅಕ್ಕ" ಎಂದ ತಮ್ಮ. "ಈ ತಿಂಗಳೇ ಆಗ್ಬೇಕು, ಬಾಯ್ಮುಚ್ಚು" ಎಂದೆ. ಹೀಗೆ ಅಮ್ಮನ ಬಳೆಯ ಕೆಳಗೆ ನನ್ನ ಬಳೆಗಳೂ ಹೋಗಿ ಕೂತವು.

ಕೆಲಸ ಮುಗಿದ ದಿನ ಪಕ್ಕದ ಮನೆಯಾಕೆ ಒಳಗೆ ಬಂದು ತಲೆಯೆತ್ತಿ ನೋಡಿ, "ತಾಯಿಗೋಸ್ಕರ ಎಂಥಾ ಸೀಲಿಂಗ್ ಮಾಡ್ಸಿದ್ದಾನೆ ಮಗ!" ಎಂದರು. ನನ್ನ ಹೊಟ್ಟೆ ಮತ್ತೆ ಉರಿಯಿತು. ಇದು ವಾಸಿಯಾಗುವ ಕಾಯಿಲೆಯಲ್ಲ.

ಆಮೇಲಿನ ಮೊದಲ ದೊಡ್ಡ ಮಳೆ ಒಂದು ಸಂಜೆ ಬಂತು. ಪಡುವಣದ ಮೋಡ ನೋಡಿ ನಾನು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಬೀನ್ಸ್ ಬಿಡಿಸುತ್ತಾ ಕೂತೆ. ಅದು ಬಡಿಯಲಿಲ್ಲ. ನಮ್ಮ ಕಡೆಯೂ ಮಳೆ ಜೋರಾಯಿತು, ಆಗಲೂ ಬಡಿಯಲಿಲ್ಲ. ತಡೆಯಲಾರದೆ ನಾನೇ ಮಾಡಿದೆ.

"ಅಮ್ಮಾ, ಅಲ್ಲಿ ಮಳೆ ಇಲ್ವಾ?"

"ಐತಲ್ಲ, ಸುರೀತಾ ಐತೆ."

"ಸದ್ದು?"

"ಐತೆ, ಎಲ್ಲೋ ದೂರದಾಗೆ. ನಿನ್ ಮಾತು ಚೆನ್ನಾಗ್ ಕೇಳ್ತದೆ. ಮಾತಾಡು."

ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಹೇಳಿಬಿಟ್ಟೆ. "ಅಮ್ಮಾ, ಆ ಶೀಟು ಸದ್ದು ಮಾಡುತ್ತೆ ಅಂತ ಅವತ್ತು ಅಂಗಡೀಲೇ ನಂಗೆ ಗೊತ್ತಿತ್ತು."

"ನಂಗೂ ಗೊತ್ತು" ಎಂದಳು ಅಮ್ಮ. "ಒಂದ್ ಕಟ್ಟು ಸೊಪ್ಪಿಗೂ ಅಂಗಡಿಯವನ ತಾವ ಜಗಳ ಆಡೋಳು ನೀನು. ಅವತ್ತು ತುಟಿ ಬಿಚ್ಚಲಿಲ್ಲ. ಆಗ್ಲೇ ಅನ್ಕೊಂಡೆ, ಇವ್ಳು ಏನೋ ಮುಚ್ಚಿಡ್ತಾವ್ಳೆ ಅಂತ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಾಚ್ಕೊಂಡು ನೀನು ಈ ಕಡೆ ಬರೋದೇ ಬಿಡ್ತಿದ್ದೆ."

ಆ ಕಡೆ ಕುಕ್ಕರ್ ಕೂಗಿದ್ದು ನನಗೂ ಸ್ಪಷ್ಟವಾಗಿ ಕೇಳಿಸಿತು. ಅಮ್ಮ ಯಾರಿಗೋ ಒಲೆ ಆರಿಸಲು ಹೇಳಿ, ಮತ್ತೆ ಫೋನಿಗೆ ಬಂದಳು.

"ಭಾನ್ವಾರ ಬಂದು ಕರ್ಕೊಂಡೋಗು" ಎಂದಳು. "ಬಿಸ್ಲಿದ್ರೂ ಬಾ."